ಯಾಶ್ ಊರಿನ ಕೊಗಲ್ನಿಚಾನು: ಇತಿಹಾಸದ ಮೇಷ್ಟ್ರು ಮಂತ್ರಿಯಾದರೆ ಏನಾಗುತ್ತೆ?

ಟ್ರಾಮ್_ಪಯಣಿಗ (ಮೂಲ ಪೋಸ್ಟ್)
ಎಲ್ಲರಿಗೂ ನಮಸ್ಕಾರ. ನಾನು ಎರಡು ವರ್ಷದಿಂದ ರೊಮೇನಿಯಾದ ಯಾಶ್ ಊರಿನಲ್ಲಿದ್ದೇನೆ. ಸಾಫ್ಟ್‌ವೇರ್ ಕೆಲಸ. ದಿನಾ ಟ್ರಾಮ್‌ನಲ್ಲಿ ಕೊಪೊವು ಗುಡ್ಡ ಹತ್ತುವಾಗ ಯೂನಿವರ್ಸಿಟಿ ಮುಂದೆ ಒಂದು ಕಂಚಿನ ಪ್ರತಿಮೆ ಸಿಗುತ್ತೆ. ಯಾರದು ಅಂತ ಆಫೀಸಿನ ಹುಡುಗಿಯನ್ನ ಕೇಳಿದೆ. "ಕೊಗಲ್ನಿಚಾನು. ಅಡುಗೆ ಪುಸ್ತಕ ಬರೆದವನು" ಅಂದಳು.

ತಮಾಷೆ ಮಾಡ್ತಿದ್ದಾಳೆ ಅಂದುಕೊಂಡೆ. ಇಲ್ಲ, ನಿಜ. 1841ರಲ್ಲಿ ಸ್ನೇಹಿತ ಕೊಸ್ತಾಕೆ ನೆಗ್ರುಜ್ಜಿ ಜೊತೆ ಸೇರಿ 200 ಅಡುಗೆಗಳ ಪುಸ್ತಕ ತಂದಿದ್ದಾನೆ. ಆದರೆ ಪ್ರತಿಮೆ ನಿಲ್ಲಿಸಿದ್ದು ಅದಕ್ಕಲ್ಲ ಬಿಡಿ. ಮಿಹಾಯಿಲ್ ಕೊಗಲ್ನಿಚಾನು ಇದೇ ಊರಲ್ಲಿ 1817ರಲ್ಲಿ ಹುಟ್ಟಿದವನು. ಬರ್ಲಿನ್‌ನಲ್ಲಿ ಓದುವಾಗಲೇ, ಇಪ್ಪತ್ತು ವರ್ಷಕ್ಕೆ, ತನ್ನ ನಾಡಿನ ಇತಿಹಾಸವನ್ನ ಫ್ರೆಂಚ್‌ನಲ್ಲಿ ಬರೆದ. ಆಮೇಲೆ ಇತಿಹಾಸದ ಪ್ರಾಧ್ಯಾಪಕ, ಪತ್ರಿಕೆ ಸಂಪಾದಕ, ನಾಟಕ ಕಂಪನಿ ನಿರ್ದೇಶಕ. ಅದಾದ ಮೇಲೆ ಪ್ರಧಾನ ಮಂತ್ರಿ, ಒಳಾಡಳಿತ ಮಂತ್ರಿ, ವಿದೇಶಾಂಗ ಮಂತ್ರಿ. ಗುಲಾಮರನ್ನ ಬಿಡಿಸಿದ ಕಾನೂನು, ರೈತರಿಗೆ ಜಮೀನು ಕೊಟ್ಟ ಕಾನೂನು, ದೇಶದ ಸ್ವಾತಂತ್ರ್ಯ ಘೋಷಣೆ, ಮೂರರಲ್ಲೂ ಇವನ ಕೈ ಇದೆ.

ನನ್ನ ಪ್ರಶ್ನೆ ಇಷ್ಟೇ. ಇತಿಹಾಸ ಓದಿದವನು ಅಧಿಕಾರಕ್ಕೆ ಬಂದರೆ ಆ ಓದು ಕೆಲಸಕ್ಕೆ ಬರುತ್ತಾ? ಅಥವಾ ಕುರ್ಚಿ ಸಿಕ್ಕ ಮೇಲೆ ಎಲ್ಲರೂ ಒಂದೇನಾ?

ಸುಮ್ನೆ_ಓದ್ತೀನಿ
ಊರಿನ ಹೆಸರು ಇಯಾಸಿ ಅಲ್ವಾ? ಮ್ಯಾಪಲ್ಲಿ ಹಾಗೇ ಇದೆ.

ಟ್ರಾಮ್_ಪಯಣಿಗ
ಬರೆಯೋದು ಹಾಗೆ ಕಾಣುತ್ತೆ. ಕರೆಯೋದು ಯಾಶ್. s ಅಕ್ಷರದ ಕೆಳಗೆ ಸಣ್ಣ ಬಾಲ ಇದ್ದರೆ 'ಶ್'.

ಮಂಡ್ಯದ_ಬೆಲ್ಲ
ಯಶ್ ಹೆಸರಲ್ಲಿ ಊರೇ ಇದೆ ಅಂತ ಗೊತ್ತಿರಲಿಲ್ಲ. ಅಭಿಮಾನಿಗಳಿಗೆ ಹೇಳಬೇಡಿ, ಬಸ್ಸು ಮಾಡ್ಕೊಂಡು ಬರ್ತಾರೆ.

ಹಳೇ_ಮೇಷ್ಟ್ರು
ಒಳ್ಳೆ ವಿಷಯ ಎತ್ತಿದ್ದೀರಿ. ನಾನು ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು. ಮಂತ್ರಿ ಆಗಲಿಲ್ಲ ಅಷ್ಟೇ.

ಈತನ ಕಥೆಯಲ್ಲಿ ನನಗೆ ರುಚಿ ಹತ್ತಿದ್ದು ಶುರುವಿನ ಭಾಗ. ಆಗ ಯಾಶ್ ಇದ್ದದ್ದು ಮೊಲ್ದಾವಿಯಾದಲ್ಲಿ. ಅದು ತುರ್ಕರಿಗೆ ಕಪ್ಪ ಕೊಡುವ, ರಷ್ಯಾದ ಕಣ್ಣಿಗೆ ಹೆದರುವ ಸಣ್ಣ ಸಂಸ್ಥಾನ. ದೊರೆ ಮಿಹಾಯಿಲ್ ಸ್ತುರ್ಜಾ. ಅವನು 1834ರಲ್ಲಿ ತನ್ನ ಮಕ್ಕಳನ್ನ ಓದೋದಕ್ಕೆ ಫ್ರಾನ್ಸಿನ ಲ್ಯೂನೆವಿಲ್‌ಗೆ ಕಳಿಸಿದಾಗ ಜೊತೆಗೆ ಈ ಹುಡುಗನನ್ನೂ ಕಳಿಸಿದ. ಹುಡುಗರು ಫ್ರಾನ್ಸಿನಲ್ಲಿ ಕೆಡ್ತಾರೆ ಅಂತ ರಷ್ಯಾದವರು ಗೊಣಗಿದರು. ಮಕ್ಕಳನ್ನ ಬರ್ಲಿನ್‌ಗೆ ಸಾಗಿಸಿದರು. ಅಲ್ಲಿ ಇವನು ಕೂತಿದ್ದು ಯಾರ ತರಗತಿಯಲ್ಲಿ ಗೊತ್ತಾ? ರಾಂಕೆ. ದಾಖಲೆ ಇಲ್ಲದೆ ಇತಿಹಾಸ ಬರೆಯಬೇಡ ಅಂತ ಒಂದು ತಲೆಮಾರಿಗೇ ಕಲಿಸಿದ ಮೇಷ್ಟ್ರು.

ದೊರೆ ಖರ್ಚಲ್ಲಿ ಓದಿ ಬಂದವನು ದೊರೆಗೇ ತಲೆನೋವಾದ. 1840ರಲ್ಲಿ 'ದಾಚಿಯಾ ಲಿತೆರಾರಾ' ಅನ್ನೋ ಪತ್ರಿಕೆ ತಂದ. ಮೂರೇ ಸಂಚಿಕೆ, ದೊರೆ ಮುಚ್ಚಿಸಿದ. 1843ರ ನವೆಂಬರ್‌ನಲ್ಲಿ ಇದೇ ಯಾಶ್‌ನ ಅಕಾಡೆಮಿಯಲ್ಲಿ ಇತಿಹಾಸದ ಮೊದಲ ಪಾಠ ಮಾಡಿದ. ಅಲ್ಲಿ ಅವನು ಹೇಳಿದ ಮಾತಿನ ಸಾರ ಇದು: ನಮ್ಮ ಭಾಷೆ ಎಲ್ಲೆಲ್ಲಿ ಆಡುತ್ತಾರೋ ಅದೆಲ್ಲ ನನ್ನ ನಾಡು. ಮೊಲ್ದಾವಿಯಾ, ವಲಾಕಿಯಾ, ಟ್ರಾನ್ಸಿಲ್ವೇನಿಯಾ, ಮೂರೂ ಬೇರೆ ಬೇರೆ ಆಳ್ವಿಕೆಯಲ್ಲಿದ್ದಾಗ ಹೇಳಿದ ಮಾತು. ಅದು ಇತಿಹಾಸದ ಪಾಠ ಅನ್ನೋದಕ್ಕಿಂತ ರಾಜಕೀಯದ ಅರ್ಜಿ. ಮರುವರ್ಷ ರಿಷ್ಕಾ ಮಠದಲ್ಲಿ ಕೂಡಿಹಾಕಿದರು.

ದಾಖಲೆ_ಎಲ್ಲಿ
ಮೇಷ್ಟ್ರೇ, ಅಲ್ಲೇ ನನ್ನ ತಕರಾರು. ನೀವೇ ಹೇಳಿದಿರಿ, ಪಾಠದ ಹೆಸರಲ್ಲಿ ರಾಜಕೀಯ ಅಂತ. ಹಾಗಾದರೆ 'ಇತಿಹಾಸಕಾರ ಮಂತ್ರಿಯಾದ' ಅನ್ನೋದು ಸರಿಯಾ? ರಾಜಕಾರಣಿಯೊಬ್ಬ ಕೆಲಸ ಸಿಗೋವರೆಗೆ ಇತಿಹಾಸ ಬರೆದ ಅನ್ನಬೇಕು.

ಹಳೇ_ಮೇಷ್ಟ್ರು
ಹಾಗನ್ನೋಕೆ ಆಗಲ್ಲ. ಮೊಲ್ದಾವಿಯಾದ ಹಳೇ ವೃತ್ತಾಂತಗಳನ್ನ ಹುಡುಕಿ, ಸಂಪಾದಿಸಿ, 1845ರಿಂದ ಸಂಪುಟ ಸಂಪುಟವಾಗಿ ಅಚ್ಚು ಹಾಕಿಸಿದವನು ಇವನು. ಅದು ಓಟು ತರುವ ಕೆಲಸ ಅಲ್ಲ. ಕಣ್ಣು ಕೆಡಿಸುವ ಕೆಲಸ.

ಮಂಡ್ಯದ_ಬೆಲ್ಲ
ರೊಮೇನಿಯಾದ ಮೊದಲ ಪ್ರಧಾನಿ ಇವನೇ ಅಲ್ವಾ?

ದಾಖಲೆ_ಎಲ್ಲಿ
ಅಲ್ಲ. ಮೊಲ್ದಾವಿಯಾ, ವಲಾಕಿಯಾ ಎರಡಕ್ಕೂ ಒಂದೇ ಮಂತ್ರಿಮಂಡಲ ಆದದ್ದು 1862ರಲ್ಲಿ. ಆಗ ಮೊದಲ ಪ್ರಧಾನಿ ಬಾರ್ಬು ಕತಾರ್ಜಿಯು. ಜಮೀನ್ದಾರರ ಕಡೆಯವನು. ಅದೇ ವರ್ಷ ಜೂನ್‌ನಲ್ಲಿ ಬುಕಾರೆಸ್ಟ್‌ನಲ್ಲಿ ಗುಂಡಿಕ್ಕಿ ಕೊಂದರು. ಕೊಗಲ್ನಿಚಾನು ಪ್ರಧಾನಿ ಆದದ್ದು 1863ರ ಅಕ್ಟೋಬರ್‌ನಲ್ಲಿ.

ಅಜ್ಜಿ_ಮೊಮ್ಮಗಳು
ಅಡುಗೆ ಪುಸ್ತಕದ ವಿಷಯ ಯಾರೂ ಮುಂದುವರಿಸಲಿಲ್ಲ! 200 ಅಡುಗೇಲಿ ಏನೇನಿದೆ? ಸಾರು ಇದೆಯಾ?

ಟ್ರಾಮ್_ಪಯಣಿಗ
ಸಾರಿನ ಜಾತಿಗೆ ಸೇರೋದು ಇಲ್ಲಿ ಚೊರ್ಬಾ, ಹುಳಿಹುಳಿ ಇರುತ್ತೆ. ಆದರೆ ಜನ ದಿನಾ ತಿನ್ನೋದು ಮಮಲಿಗಾ. ಮೆಕ್ಕೆಜೋಳದ ಹಿಟ್ಟನ್ನ ಕುದಿಯುವ ನೀರಿಗೆ ಹಾಕಿ, ಕೋಲಲ್ಲಿ ತಿರುವಿ, ಹಲಗೆ ಮೇಲೆ ಮಗುಚ್ತಾರೆ. ಮೊದಲ ಸಲ ನೋಡಿದಾಗ ಮನೆ ನೆನಪಾಗಿ ಕಣ್ಣು ಒದ್ದೆ ಆಯ್ತು.

ಮಂಡ್ಯದ_ಬೆಲ್ಲ
ಮುದ್ದೆ! ಹಳದಿ ಮುದ್ದೆ! ನುಂಗ್ತಾರಾ ಅಗೀತಾರಾ?

ಟ್ರಾಮ್_ಪಯಣಿಗ
ಅಗೀತಾರೆ. ಅದೂ ಫೋರ್ಕ್‌ನಲ್ಲಿ. ದಾರದಲ್ಲಿ ಕೊಯ್ದು ತುಂಡು ಮಾಡ್ತಾರೆ.

ಮಂಡ್ಯದ_ಬೆಲ್ಲ
ಛೇ.

ನೀಲಗಿರಿ_ಮರ
ಅಡುಗೆ ಪುಸ್ತಕಕ್ಕೆ ಎಲ್ಲರೂ ನಗ್ತಿದ್ದೀರಿ, ನಾನೂ ನಕ್ಕೆ. ಆಮೇಲೆ ಒಂದು ಯೋಚನೆ ಬಂತು. 1841ರಲ್ಲಿ ಯಾಶ್‌ನ ದೊಡ್ಡ ಮನೆಗಳಲ್ಲಿ ಆ 200 ಅಡುಗೆ ಮಾಡುತ್ತಿದ್ದವರು ಯಾರು? ಪುಸ್ತಕ ಕೊಂಡ ಯಜಮಾನಿಯರಂತೂ ಅಲ್ಲ. ಒಲೆ ಮುಂದೆ ಇದ್ದವರಲ್ಲಿ ರೋಮಾ ಜನ (ಜಿಪ್ಸಿಗಳು ಅಂತಾರಲ್ಲ, ಅವರು) ಬಹಳ. ಅವರು ಸಂಬಳದ ಆಳುಗಳಲ್ಲ, ಗುಲಾಮರು.

ಡಿಂಕಾ ಅಂತ ಒಬ್ಬ ಅಡುಗೆಯವನಿದ್ದ. ಕಾಂತಾಕುಜಿನೋ ಅನ್ನೋ ಜಮೀನ್ದಾರರ ಮನೆಯ ಗುಲಾಮ. ಯಜಮಾನಿ ಪ್ಯಾರಿಸ್‌ಗೆ ಹೋಗುವಾಗ ಕರೆದುಕೊಂಡು ಹೋದಳು. ಅಲ್ಲಿ ಅವನು ಒಬ್ಬ ಫ್ರೆಂಚ್ ಹೆಣ್ಣುಮಗಳನ್ನ ಮದುವೆಯಾದ. ವಾಪಸ್ ಬಂದ ಮೇಲೆ ಆಕೆಗೆ ಗೊತ್ತಾಯಿತು, ತನ್ನ ಗಂಡ ಇಲ್ಲಿ ಇನ್ನೊಬ್ಬರ ಆಸ್ತಿ ಅಂತ. ಬಿಡುಗಡೆ ಮಾಡಿ ಅಂತ ಕೇಳಿಕೊಂಡರು. ಯಜಮಾನಿ ಒಪ್ಪಲಿಲ್ಲ. ದೊರೆಯೇ ಮಾತಾಡಿದರೂ ಒಪ್ಪಲಿಲ್ಲ. ಕೊನೆಗೆ ಡಿಂಕಾ ಹೆಂಡತಿಯನ್ನ ಕೊಂದು ತಾನೂ ಸತ್ತ. ಊರು ನಡುಗಿತು. ಆಗಿನ ದೊರೆ ಗ್ರಿಗೊರೆ ಗಿಕಾ ಕಾನೂನು ತರೋದಕ್ಕೆ ಮನಸ್ಸು ಗಟ್ಟಿ ಮಾಡಿದ್ದರ ಹಿಂದೆ ಈ ಸಾವೂ ಇದೆ ಅಂತಾರೆ. ಕಾನೂನಿನ ಕರಡು ಬರೆದವರು ಇಬ್ಬರು, ಪೆತ್ರೆ ಮಾವ್ರೊಗೆನಿ ಮತ್ತು ಕೊಗಲ್ನಿಚಾನು. 1855ರ ಡಿಸೆಂಬರ್.

ಈ ಕಥೆ ನಮಗೆ ಗೊತ್ತಾಗೋದೂ ಕೊಗಲ್ನಿಚಾನು ಬಾಯಿಂದಲೇ. 1891ರ ಏಪ್ರಿಲ್‌ನಲ್ಲಿ, ಸಾಯೋದಕ್ಕೆ ಮೂರು ತಿಂಗಳು ಮೊದಲು, ರೊಮೇನಿಯನ್ ಅಕಾಡೆಮಿಯಲ್ಲಿ ನಿಂತು ಹೇಳಿದ. ಚಿಕ್ಕವನಿದ್ದಾಗ ಯಾಶ್ ಬೀದಿಗಳಲ್ಲಿ ಕೈಕಾಲಿಗೆ ಸರಪಳಿ, ಕೆಲವರಿಗೆ ಹಣೆಗೂ ಕಬ್ಬಿಣದ ಪಟ್ಟಿ ಹಾಕಿಕೊಂಡ ಮನುಷ್ಯರನ್ನ ಕಂಡಿದ್ದೆ ಅಂತ.

ಅಜ್ಜಿ_ಮೊಮ್ಮಗಳು
ಅಯ್ಯೋ. ಸಾರಿನ ಪ್ರಶ್ನೆ ಕೇಳಿದ್ದಕ್ಕೆ ಬೇಜಾರಾಗ್ತಿದೆ.

ಕಡತ_ಗುಮಾಸ್ತ
ಇದನ್ನ ಜೀತ ಅನ್ನಬಹುದಾ? ಸಾಲಕ್ಕೆ ದುಡಿಯೋದು?

ನೀಲಗಿರಿ_ಮರ
ಇಲ್ಲ ಸಾರ್. ಜೀತದಲ್ಲಿ ಹೆಸರಿಗಾದರೂ ಒಂದು ಸಾಲ ಇರುತ್ತೆ. ಇಲ್ಲಿ ಹುಟ್ಟಿದ್ದೇ ಸಾಲ. ಮಾರುತ್ತಿದ್ದರು, ದಾನ ಕೊಡುತ್ತಿದ್ದರು, ಮಗಳ ವರದಕ್ಷಿಣೆಯಲ್ಲಿ ಪಟ್ಟಿ ಮಾಡಿ ಕಳಿಸುತ್ತಿದ್ದರು. ಮಠಗಳ ಹತ್ತಿರವೂ ಇದ್ದರು. ವಲಾಕಿಯಾದಲ್ಲಿ 1385ರ ದಾಖಲೆಯಲ್ಲೇ ಇದು ಬರುತ್ತೆ. ಐನೂರು ವರ್ಷಕ್ಕೆ ಹತ್ತಿರ.

ಧಾರವಾಡ_ಪೇಡೆ
ರೋಮಾ ಜನ ಅಂದ್ರ ನಮ್ಮ ಕಡಿಂದ ಹೋದವರು ಅಂತಾರಲ್ಲ, ಖರೇನ?

ಹಳೇ_ಮೇಷ್ಟ್ರು
ಖರೇನೇ. ಉತ್ತರ ಭಾರತದ ಕಡೆಯಿಂದ ಸಾವಿರ ವರ್ಷದಷ್ಟು ಹಿಂದೆ ಹೊರಟವರು. ಅವರ ಭಾಷೆಯಲ್ಲಿ ನೀರಿಗೆ ಪಾನಿ, ಮನುಷ್ಯನಿಗೆ ಮನುಷ್, ಮೂಗಿಗೆ ನಾಕ್, ಐದಕ್ಕೆ ಪಾಂಜ್. ಕೊಗಲ್ನಿಚಾನು 1837ರಲ್ಲಿ ಬರ್ಲಿನ್‌ನಿಂದಲೇ ಇವರ ಇತಿಹಾಸ, ನಡವಳಿಕೆ, ಭಾಷೆ ಬಗ್ಗೆ ಫ್ರೆಂಚ್‌ನಲ್ಲಿ ಒಂದು ಸಣ್ಣ ಪುಸ್ತಕ ಬರೆದಿದ್ದ. ಅದರಲ್ಲಿ ಯುರೋಪಿನವರನ್ನ ಚುಚ್ಚುತ್ತಾನೆ: ಅಮೆರಿಕದ ಗುಲಾಮರಿಗಾಗಿ ಸಂಘ ಕಟ್ಟುತ್ತೀರಿ, ನಿಮ್ಮ ಖಂಡದಲ್ಲೇ 4 ಲಕ್ಷ ಜನ ಗುಲಾಮರಿದ್ದಾರೆ, ಅವರು ಕಾಣಲ್ವಾ ಅಂತ.

ಇಪ್ಪತ್ತಕ್ಕೆ ಬರೆದದ್ದನ್ನ ಮೂವತ್ತೆಂಟಕ್ಕೆ ಕಾನೂನು ಮಾಡಿದ. ಮೂಲ ಪೋಸ್ಟ್‌ನ ಪ್ರಶ್ನೆಗೆ ನನ್ನ ಉತ್ತರ ಇದೇ. ಓದು ಕೆಲಸಕ್ಕೆ ಬಂತು.

ದಾಖಲೆ_ಎಲ್ಲಿ
ಅರ್ಧ ಬಂತು ಅನ್ನಿ. 1855ರ ಕಾನೂನಿನಲ್ಲಿ ಪರಿಹಾರ ಯಾರಿಗೆ? ಗುಲಾಮರಿಗಲ್ಲ, ಯಜಮಾನರಿಗೆ. ಬಿಡುಗಡೆ ಆದವನ ಕೈಗೆ ಒಂದು ಗೇಣು ಜಮೀನೂ ಬರಲಿಲ್ಲ. ಸರಕಾರದ ಮತ್ತು ಮಠಗಳ ಗುಲಾಮರನ್ನ 1844ರಲ್ಲೇ ಬಿಟ್ಟಿದ್ದು ಯಾರು? ನೀವು ಬೈದ ಅದೇ ಸ್ತುರ್ಜಾ ದೊರೆ. ಅದನ್ನೂ ಹೇಳಬೇಕು.

ಹಳೇ_ಮೇಷ್ಟ್ರು
ಒಪ್ಪಿದೆ. ಸ್ತುರ್ಜಾನನ್ನ ನಾನು ಬೈಯಲಿಲ್ಲ ಮಾರಾಯರೇ, ಅವನು ಪತ್ರಿಕೆ ಮುಚ್ಚಿಸಿದ ಅಂದೆ.

ಶಿರಸಿ_ಮಳೆ
ಇಲ್ಲಿ ನನ್ನದೊಂದು ಬೇರೆ ಎಳೆ. ನನ್ನ ತಮ್ಮ ಉಕ್ರೇನಿನ ಚೆರ್ನಿವ್ಟ್ಸಿಯಲ್ಲಿ ಮೆಡಿಕಲ್ ಓದುತ್ತಿದ್ದ. 2022ರಲ್ಲಿ ಯುದ್ಧ ಶುರುವಾದಾಗ ಸಿರೆತ್ ಗಡಿಯಲ್ಲಿ ನಡೆದು ರೊಮೇನಿಯಾ ಸೇರಿದ. ಹಿಮ, ಕಿಲೋಮೀಟರ್‌ಗಟ್ಟಲೆ ಸಾಲು. ಆಚೆ ಕಾಲಿಟ್ಟ ತಕ್ಷಣ ಯಾರೋ ಅಜ್ಜಿ ಬಿಸಿ ಟೀ ಲೋಟ ಕೈಗಿಟ್ಟು, ಅವನ ಒದ್ದೆ ಗ್ಲೌಸ್ ಕಿತ್ತು ತನ್ನ ಗ್ಲೌಸ್ ಹಾಕಿದಳಂತೆ. ಆ ಗ್ಲೌಸ್ ನಮ್ಮ ಮನೆ ಗೋಡೆ ಕಪಾಟಲ್ಲಿ ಈಗಲೂ ಇದೆ. ಅಮ್ಮ ಒಗೆಯೋಕೂ ಬಿಡಲ್ಲ.

ಈ ಚರ್ಚೆ ನೋಡಿ ಹುಡುಕಿದೆ. 1848ರ ದಂಗೆ ಕಾಲದಲ್ಲಿ ಕೊಗಲ್ನಿಚಾನು ತಲೆಮರೆಸಿಕೊಂಡು ಹೋಗಿದ್ದು ಇದೇ ಚೆರ್ನಿವ್ಟ್ಸಿಗೆ! ಆಗ ಅದು ಆಸ್ಟ್ರಿಯಾದ ಕೈಯಲ್ಲಿತ್ತು, ಚೆರ್ನೌಟ್ಸಿ ಅನ್ನುತ್ತಿದ್ದರು. ಅಲ್ಲಿ ಕೂತೇ ಮೊಲ್ದಾವಿಯಾದ ರಾಷ್ಟ್ರೀಯ ಪಕ್ಷದ ಬೇಡಿಕೆಗಳನ್ನ ಬರೆದ. ಎರಡೂ ಸಂಸ್ಥಾನ ಒಂದಾಗಬೇಕು ಅನ್ನೋದು ಅದರಲ್ಲಿದೆ. ನನ್ನ ತಮ್ಮ ಈ ಕಡೆಗೆ ಓಡಿ ಬಂದ, ಅವನು ಆ ಕಡೆಗೆ ಓಡಿ ಹೋದ.

ಅಜ್ಜಿ_ಮೊಮ್ಮಗಳು
ಗ್ಲೌಸ್ ಒಗೀಬೇಡಿ ಅಕ್ಕ.

ಕಡತ_ಗುಮಾಸ್ತ
ನಾನು ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿ ರಿಟೈರ್ ಆದವನು. ನನಗೆ ಜಮೀನಿನ ಕಾನೂನು ಹೇಗಿತ್ತು ಅಂತ ಕುತೂಹಲ. ಸಲೀಸಾಗಿ ಪಾಸ್ ಆಯ್ತಾ?

ಹಳೇ_ಮೇಷ್ಟ್ರು
ಸಲೀಸು? ಶಾಸನಸಭೆ ತುಂಬ ಜಮೀನ್ದಾರರು. ಮೊದಲು 1863ರ ಡಿಸೆಂಬರ್‌ನಲ್ಲಿ ಮಠಗಳ ಆಸ್ತಿಯನ್ನ ಸರಕಾರಕ್ಕೆ ತೆಗೆದುಕೊಂಡರು. ದೇಶದ ಜಮೀನಿನಲ್ಲಿ ಕಾಲು ಭಾಗದಷ್ಟು ಮಠಗಳ ಕೈಯಲ್ಲಿತ್ತು. ಅದರಲ್ಲಿ ಬಹಳಷ್ಟರ ಆದಾಯ ಈಗಿನ ಗ್ರೀಸಿನ ಆಥೋಸ್ ಗುಡ್ಡದ ಮಠಗಳಿಗೆ, ಜೆರುಸಲೇಮಿಗೆ ಹೋಗುತ್ತಿತ್ತು. ಇದಕ್ಕೆ ಎಲ್ಲರೂ ಕೈ ಎತ್ತಿದರು, ಯಾಕಂದರೆ ಹೋಗಿದ್ದು ಬೇರೆಯವರ ಆಸ್ತಿ.

ಆಮೇಲೆ ಜಮೀನ್ದಾರರ ಭೂಮಿಗೆ ಬಂದಾಗ ನೋಡಿ ಗಲಾಟೆ. ಸಭೆ ಸರಕಾರದ ವಿರುದ್ಧ ನಿಂತಿತು. 1864ರ ಮೇ 2ರಂದು ಕೊಗಲ್ನಿಚಾನು ಎದ್ದು ನಿಂತು ಸಭೆಯನ್ನ ವಿಸರ್ಜಿಸಿದ ಆದೇಶ ಓದಿದ. ಸದಸ್ಯರು ಕದಲದೆ ಇದ್ದಾಗ ಸೈನಿಕರು ಬಂದು ಹೊರಗೆ ಕಳಿಸಿದರು. ಆಗಸ್ಟ್‌ನಲ್ಲಿ ಕಾನೂನು ಬಂತು. ಬಿಟ್ಟಿ ಚಾಕರಿ ರದ್ದು. ನಾಲ್ಕು ಲಕ್ಷಕ್ಕೂ ಜಾಸ್ತಿ ಕುಟುಂಬಗಳಿಗೆ ಭೂಮಿ.

ನಿಮಗೆ ಇಷ್ಟವಾಗುವ ವಿವರ ಹೇಳ್ತೀನಿ. ಎಷ್ಟು ಭೂಮಿ ಅನ್ನೋದು ಎತ್ತಿನ ಲೆಕ್ಕ. ನಾಲ್ಕು ಎತ್ತು ಒಂದು ಹಸು ಇದ್ದವನಿಗೆ ಜಾಸ್ತಿ. ಎರಡು ಎತ್ತು ಒಂದು ಹಸು ಇದ್ದವನಿಗೆ ಮಧ್ಯಮ. ಬರೀ ಹಸು ಇದ್ದವನಿಗೆ ಕಡಿಮೆ.

ಕಡತ_ಗುಮಾಸ್ತ
ಹಾಗಾದರೆ ಸಮೀಕ್ಷೆಯ ಹಿಂದಿನ ರಾತ್ರಿ ಪಕ್ಕದ ಮನೆಯಿಂದ ಎತ್ತು ತಂದು ಕಟ್ಟಿರ್ತಾರೆ. ನನ್ನ ಅನುಭವದ ಮೇಲೆ ಹೇಳ್ತಿದ್ದೀನಿ, ಜನ ಎಲ್ಲಾ ಕಡೆ ಒಂದೇ. ಪುಕ್ಕಟೆ ಕೊಟ್ಟರಾ?

ದಾಖಲೆ_ಎಲ್ಲಿ
ಪುಕ್ಕಟೆ ಎಲ್ಲಿ ಬಂತು? ಹದಿನೈದು ವರ್ಷದ ಕಂತು. ಮೂವತ್ತು ವರ್ಷ ಮಾರೋ ಹಾಗಿಲ್ಲ. ಕಾಡು ಜಮೀನ್ದಾರನಿಗೇ ಉಳೀತು. ಮಕ್ಕಳು ಪಾಲು ಮಾಡಿಕೊಂಡರು, ಹೊಲ ಸಣ್ಣದಾಯ್ತು, ಮತ್ತೆ ಅದೇ ಧಣಿ ಹತ್ತಿರ ಗುತ್ತಿಗೆಗೆ ಹೋದರು. 1907ರಲ್ಲಿ ಮೊಲ್ದಾವಿಯಾದ ಫ್ಲಮಿಂಜ್ ಹಳ್ಳಿಯಲ್ಲಿ ಶುರುವಾದ ರೈತ ದಂಗೆ ಇಡೀ ದೇಶಕ್ಕೆ ಹಬ್ಬಿತು. ಸೈನ್ಯ ಬಿಟ್ಟು ಹತ್ತಿಕ್ಕಿದರು.

ಇನ್ನೊಂದು. ಸಭೆ ವಿಸರ್ಜಿಸಿದ ಮೇಲೆ ಅದೇ ಮೇ ತಿಂಗಳಲ್ಲಿ ಜನರ ಒಪ್ಪಿಗೆ ಕೇಳಿ ಜನಮತಗಣನೆ ನಡೆಸಿದರು, ಅದರ ಫಲಿತಾಂಶ ನೋಡಿ. ಪರವಾಗಿ 6 ಲಕ್ಷ 80 ಸಾವಿರಕ್ಕೂ ಜಾಸ್ತಿ. ವಿರುದ್ಧ 1,300 ಚಿಲ್ಲರೆ. ಇಷ್ಟು ಒಮ್ಮತ ನಮ್ಮ ಮನೇಲಿ ಟಿವಿ ಚಾನೆಲ್‌ಗೂ ಬರಲ್ಲ.

ನೀಲಗಿರಿ_ಮರ
ನಿಮ್ಮ ಲೆಕ್ಕದಲ್ಲಿ ಅವನು ಸಭೆಗೆ ತಲೆಬಾಗಿ ಮನೆಗೆ ಹೋಗಬೇಕಿತ್ತಾ? ಸಭೆಯಲ್ಲಿ ರೈತರಿಗೆ ಜಾಗವೇ ಇಲ್ಲದಿದ್ದಾಗ?

ದಾಖಲೆ_ಎಲ್ಲಿ
ಹೋಗಬೇಕಿತ್ತು ಅನ್ನಲಿಲ್ಲ. ಸೈನಿಕರನ್ನ ಕರೆಸಿದ ಅನ್ನೋದನ್ನ ಪ್ರತಿಮೆ ಕೆಳಗೆ ಬರೆದಿರಲ್ಲ ಅಂದೆ.

ಟ್ರಾಮ್_ಪಯಣಿಗ
ಐದು ವರ್ಷ ಮೊದಲು, 1859ರ ಜನವರಿಯಲ್ಲಿ, ಕುಜಾ ಮೊಲ್ದಾವಿಯಾದ ದೊರೆಯಾಗಿ (ಆಮೇಲೆ ವಲಾಕಿಯಾಕ್ಕೂ ಅವನೇ ದೊರೆ) ಆರಿಸಿ ಬಂದಾಗ ಸ್ವಾಗತ ಭಾಷಣ ಮಾಡಿದ್ದೂ ಇದೇ ಕೊಗಲ್ನಿಚಾನು. "ಹೊಸ ಕಾನೂನಿಗೆ ಹೊಸ ಮನುಷ್ಯ" ಅಂದ. ಸರಳವಾಗಿರು, ಕಿವಿ ಸತ್ಯಕ್ಕೆ ತೆರೆದಿರಲಿ, ಹೊಗಳಿಕೆಗೆ ಮುಚ್ಚಿರಲಿ ಅಂತ ದೊರೆ ಮುಖಕ್ಕೇ ಬುದ್ಧಿ ಹೇಳಿದ. 1865ರ ಜನವರಿಯಲ್ಲಿ ಅದೇ ಕುಜಾ ಇವನನ್ನ ಮನೆಗೆ ಕಳಿಸಿದ. ಮರುವರ್ಷ ಫೆಬ್ರವರಿಯಲ್ಲಿ ಕುಜಾನನ್ನೇ ಅಧಿಕಾರಿಗಳು ರಾತ್ರೋರಾತ್ರಿ ಎಬ್ಬಿಸಿ ರಾಜೀನಾಮೆಗೆ ಸಹಿ ಹಾಕಿಸಿಕೊಂಡರು.

ಮಂಡ್ಯದ_ಬೆಲ್ಲ
ಅಲ್ಲೂ ರೆಸಾರ್ಟ್ ರಾಜಕೀಯ ಇತ್ತು ಅನ್ನಿ.

ನಿರ್ವಾಹಕ
ಇಲ್ಲಿನ ಪಕ್ಷಗಳ ವಿಷಯ ಬೇಡ. ಈಗಾಗಲೇ ಎರಡು ಕಾಮೆಂಟ್ ತೆಗೆದಿದ್ದೇನೆ.

ಹೊರನಾಡು_ಹುಡುಗಿ
ಇಷ್ಟು ಹೊತ್ತು ಎಲ್ಲರೂ ಒಂದು ವಿಷಯ ಬಿಟ್ಟಿದ್ದೀರಿ. 1868ರ ಕೊನೆಯಿಂದ 1870ರವರೆಗೆ ಇವನು ಒಳಾಡಳಿತ ಮಂತ್ರಿ. ಆಗ ಯಹೂದಿಗಳು ಹಳ್ಳಿಗಳಲ್ಲಿ ಹೆಂಡದಂಗಡಿ ಇಡಬಾರದು, ಜಮೀನು ಗುತ್ತಿಗೆ ಹಿಡಿಯಬಾರದು ಅಂತ ಆದೇಶ ಜಾರಿ ಮಾಡಿದ. ಕುಟುಂಬಗಳು ಹಳ್ಳಿ ಬಿಡಬೇಕಾಯಿತು. ಹೊರದೇಶದವರು ಪ್ರತಿಭಟಿಸಿದರೆ, ಇದು ನಮ್ಮ ಒಳಗಿನ ವಿಷಯ ಅಂದ. ಸರಪಳಿ ಕಂಡು ಮರುಗಿದ ಕಣ್ಣೇ ಅಲ್ವಾ ಇದು? ರೋಮಾ ಜನರ ಬಗ್ಗೆ ಪುಸ್ತಕ ಬರೆದವನಿಗೆ ಯಾಶ್‌ನ ಪಕ್ಕದ ಬೀದಿಯ ಯಹೂದಿ ಕಾಣಲಿಲ್ಲ.

ಹಳೇ_ಮೇಷ್ಟ್ರು
ಇದಕ್ಕೆ ನನ್ನ ಹತ್ತಿರ ಸಮರ್ಥನೆ ಇಲ್ಲ. ಆ ಕಾಲದಲ್ಲಿ ಅಲ್ಲಿನ ರಾಜಕೀಯದಲ್ಲಿ ಬಹಳ ಜನ ಹಾಗೇ ಇದ್ದರು ಅನ್ನಬಹುದು. ಆದರೆ ಎಲ್ಲರಿಗಿಂತ ಮುಂದೆ ಯೋಚಿಸಿದವನು ಅಂತ ಹೊಗಳಿದ ಮೇಲೆ, ಎಲ್ಲರ ಹಾಗೆ ಅಂತ ಬಿಡಿಸಿಕೊಳ್ಳೋಕೆ ಆಗಲ್ಲ.

ದಾಖಲೆ_ಎಲ್ಲಿ
ಮೇಷ್ಟ್ರು ಇವತ್ತು ಫಾರ್ಮ್‌ನಲ್ಲಿದ್ದಾರೆ.

ಹೊರನಾಡು_ಹುಡುಗಿ
ಮುಂದಿನದೂ ಸೇರಿಸಿ. 1878ರ ಬರ್ಲಿನ್ ಒಪ್ಪಂದದಲ್ಲಿ ರೊಮೇನಿಯಾದ ಸ್ವಾತಂತ್ರ್ಯ ಒಪ್ಪೋದಕ್ಕೆ ಒಂದು ಷರತ್ತು ಹಾಕಿದರು: ಧರ್ಮ ನೋಡಿ ಹಕ್ಕು ಕಿತ್ತುಕೊಳ್ಳಬಾರದು. ಆಮೇಲೆ ಸಂವಿಧಾನ ತಿದ್ದಿದರು, ಆದರೆ ಯಹೂದಿಗಳಿಗೆ ಒಬ್ಬೊಬ್ಬರಾಗಿ ಅರ್ಜಿ ಹಾಕಿ ಪೌರತ್ವ ಪಡೆಯುವ ದಾರಿ ಮಾತ್ರ ಇಟ್ಟರು.

ಸುಮ್ನೆ_ಓದ್ತೀನಿ
ಸ್ವಾತಂತ್ರ್ಯ ಅಂದಿರಲ್ಲ, ಅದು ಮೇ 10 ಅಲ್ವಾ?

ಹಳೇ_ಮೇಷ್ಟ್ರು
ಭಾಷಣ ಮೇ 9, 1877. ವಿದೇಶಾಂಗ ಮಂತ್ರಿಯಾಗಿ ಸಭೆಯಲ್ಲಿ ಎದ್ದು "ನಾವು ಸ್ವತಂತ್ರರು, ನಮ್ಮದೇ ಕಾಲ ಮೇಲೆ ನಿಂತ ರಾಷ್ಟ್ರ" ಅನ್ನೋ ಅರ್ಥದ ಮಾತಾಡಿದ. ಮಾರನೇ ದಿನ, ಕುಜಾ ನಂತರ ಬಂದ ದೊರೆ ಕಾರೊಲ್ ಒಪ್ಪಿಗೆ. ಇದೆಲ್ಲ ಹಳೇ ಕ್ಯಾಲೆಂಡರ್. ಈಗಿನ ಲೆಕ್ಕಕ್ಕೆ ಹನ್ನೆರಡು ದಿನ ಸೇರಿಸಿ, ಮೇ 21. ಆಮೇಲೆ ರಷ್ಯಾ ಜೊತೆ ಸೇರಿ ತುರ್ಕರ ಮೇಲೆ ಯುದ್ಧ ಮಾಡಿದರು. ಗೆದ್ದ ಮೇಲೆ ರಷ್ಯಾ ಇವರ ದಕ್ಷಿಣ ಬೆಸರೇಬಿಯಾವನ್ನೇ ಕಿತ್ತುಕೊಂಡಿತು. ಬದಲಿಗೆ ಉತ್ತರ ದೊಬ್ರುಜಾ ಸಿಕ್ಕಿತು. ಹೊಸ ಪ್ರಾಂತ್ಯಕ್ಕೆ ಆಡಳಿತ ಕಟ್ಟೋ ಕೆಲಸದಲ್ಲೂ ಇವನಿದ್ದ. ಅಲ್ಲಿ ಕೊನ್‌ಸ್ತಾಂತ್ಸಾ ಹತ್ತಿರದ ವಿಮಾನ ನಿಲ್ದಾಣಕ್ಕೆ ಈಗ ಇವನ ಹೆಸರೇ. ಅಮೆರಿಕದ ಸೈನಿಕರು ಇಳಿಯೋದು ಅಲ್ಲೇ.

ಧಾರವಾಡ_ಪೇಡೆ
ಇತಿಹಾಸಕಾರ ಪ್ರಧಾನಿ ಅಂದ್ರ ನಾನು ನಿಕೊಲಾಯೆ ಯೋರ್ಗಾ ಬಗ್ಗೆ ಅಂದುಕೊಂಡು ಬಂದೆ. ಅವನೂ ಆಗಿದ್ದನಲ್ಲ, 1931ರಾಗ?

ಹಳೇ_ಮೇಷ್ಟ್ರು
ಆಗಿದ್ದ. ಸಾವಿರ ಪುಸ್ತಕ ಬರೆದ ಮಹಾನುಭಾವ. ಆದರೆ ಪ್ರಧಾನಿ ಕುರ್ಚಿ ಒಂದು ವರ್ಷ ಚಿಲ್ಲರೆ. ಆರ್ಥಿಕ ಕುಸಿತದ ಕಾಲ, ನೌಕರರಿಗೆ ಸಂಬಳ ಕೊಡೋಕೆ ಆಗದ ಸ್ಥಿತಿ. 1940ರ ನವೆಂಬರ್‌ನಲ್ಲಿ ಐರನ್ ಗಾರ್ಡ್‌ನ ಫ್ಯಾಸಿಸ್ಟರು ಎಳೆದುಕೊಂಡು ಹೋಗಿ ಕೊಂದರು. ಅವನಿಗೆ ಬೇರೆ ಚರ್ಚೆಯೇ ಬೇಕು. ಇಲ್ಲಿ ಸೇರಿಸಿದರೆ ಇಬ್ಬರಿಗೂ ಅನ್ಯಾಯ.

ದಾಖಲೆ_ಎಲ್ಲಿ
2012ರಲ್ಲೂ ಯಾಶ್‌ನ ಇತಿಹಾಸಕಾರ ಒಬ್ಬರು ಪ್ರಧಾನಿ ಆಗಿದ್ದರು, ಉಂಗುರಿಯಾನು. ಮೂರು ತಿಂಗಳೂ ಉಳಿಯಲಿಲ್ಲ. ಆ ಊರಲ್ಲಿ ಇತಿಹಾಸ ವಿಭಾಗ ಅಂದರೆ ಮಂತ್ರಿ ತಯಾರಿಸೋ ಕಾರ್ಖಾನೆ ಅನಿಸುತ್ತೆ.

ಟ್ರಾಮ್_ಪಯಣಿಗ
ವಾರ ಬಿಟ್ಟು ಬರ್ತಿದ್ದೀನಿ, ಕ್ಷಮಿಸಿ. ಈ ಚರ್ಚೆಯನ್ನ ಆಫೀಸಿನ ಹುಡುಗಿಗೆ ಅನುವಾದ ಮಾಡಿ ಹೇಳಿದೆ. ಎತ್ತಿನ ಲೆಕ್ಕ ಕೇಳಿ ನಕ್ಕಳು. ಶನಿವಾರ ಅವಳ ಅಜ್ಜನ ಊರಿಗೆ ಕರೆದುಕೊಂಡು ಹೋದಳು. ಅಜ್ಜನಿಗೆ ಎಂಬತ್ತು ದಾಟಿದೆ. ಮನೆ ಹಿಂದಿನ ಹೊಲ ತೋರಿಸಿದರು. ಅಗಲ ನನ್ನ ಹನ್ನೊಂದು ಹೆಜ್ಜೆ. ಉದ್ದ ಮಾತ್ರ ಗುಡ್ಡದ ನೆತ್ತಿವರೆಗೆ. ಆಚೀಚೆ ಕೂಡ ಅಂಥದೇ ಪಟ್ಟಿಗಳು, ಬಟ್ಟೆ ಒಣಗಿಸಿದ ಹಾಗೆ. ಅವರ ಮುತ್ತಜ್ಜನಿಗೆ ಸಿಕ್ಕಿದ ಭೂಮಿಯಂತೆ. ಪಾಲಾಗಿ ಪಾಲಾಗಿ ಇಷ್ಟಾಯಿತು, ಕಮ್ಯುನಿಸ್ಟರು ಬಂದು ಸಾಮೂಹಿಕ ಬೇಸಾಯಕ್ಕೆ ಸೇರಿಸಿಕೊಂಡರು, 1989ರ ನಂತರ ವಾಪಸ್ ಬಂತು.

ಮುತ್ತಜ್ಜನಿಗೆ ಎಷ್ಟು ಎತ್ತು ಇತ್ತು ಅಂತ ಕೇಳಿದೆ. ಅಜ್ಜ ತುಂಬ ಹೊತ್ತು ಯೋಚಿಸಿ, "ಬರೀ ಹಸು ಇರಬೇಕು" ಅಂದರು.

ಕಡತ_ಗುಮಾಸ್ತ
ಪಹಣಿ ಥರ ಏನಾದರೂ ಇದೆಯಾ ಅವರ ಹತ್ತಿರ? ಫೋಟೋ ಹಾಕಿ.

ಟ್ರಾಮ್_ಪಯಣಿಗ
ಇದೆ ಸಾರ್, ತಗಡಿನ ಡಬ್ಬದಲ್ಲಿ. ಆದರೆ ಬೇರೆಯವರ ಕಾಗದ, ಇಲ್ಲಿ ಹಾಕೋದು ಸರಿಯಲ್ಲ.

ಮಂಡ್ಯದ_ಬೆಲ್ಲ
ಊಟಕ್ಕೆ ಏನಿತ್ತು?

ಟ್ರಾಮ್_ಪಯಣಿಗ
ಹಳದಿ ಮುದ್ದೆ. ನಾನು ನುಂಗಿದೆ. ಅಜ್ಜ ಗಾಬರಿಯಾಗಿ ಬೆನ್ನು ತಟ್ಟೋಕೆ ಎದ್ದು ಬಂದರು.